ಪಾಚಿ ಸರಿಸಿ ಕುಡಿಯುವ ನೀರು

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಬಾಲ್ಕನಿಯ ಕುಂಡಗಳಿಂದ ಸೋರುವ ಕೆಂಪು ನೀರು ನಾವು ಒಣಹಾಕಿದ ಬಟ್ಟೆಗಳ ಮೇಲೆ ಬೀಳುವುದು, ನಾನು ಮೆಟ್ಟಿಲು ಹತ್ತಿ ಹೋಗಿ ಹೇಳುವುದು, ಅವರು "ಗಿಡ ಅಂದಮೇಲೆ ನೀರು ಹಾಕಲೇಬೇಕಲ್ರೀ, ನಿಮ್ಮ ಬಟ್ಟೆ ನೋಡಿಕೊಂಡು ಹಾಕಕ್ಕಾಗತ್ತಾ?" ಎಂದು ಬಾಗಿಲು ಹಾಕಿಕೊಳ್ಳುವುದು ಸುಮಾರು ಎರಡು ವರ್ಷ ನಡೆಯಿತು. ಬಟ್ಟೆಯನ್ನು ಮತ್ತೊಮ್ಮೆ ಒಗೆಯಲು ಹತ್ತು ನಿಮಿಷ ಸಾಕಾಗುತ್ತಿತ್ತು. ಆದರೆ ಅವರಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ ಮನಸ್ಸಿನಲ್ಲಿಯೇ ಜೋಡಿಸುತ್ತ, ತಿದ್ದುತ್ತ, ಅವರು ನಿರುತ್ತರರಾಗುವುದನ್ನು ಕಲ್ಪಿಸಿಕೊಳ್ಳುತ್ತ ನಾನು ಕಳೆದ ಹೊತ್ತಿಗೆ ಲೆಕ್ಕವಿಲ್ಲ.

'ನಿಕಾಯ'ಗಳೆಂದು ಕರೆಯುವ ಪಾಲಿ ಭಾಷೆಯ ಬೌದ್ಧ ಉಪದೇಶ ಸಂಗ್ರಹಗಳಲ್ಲಿ ಒಂದಾದ ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ (ಸುತ್ತ ಎಂದರೆ ಉಪದೇಶ) ಬುದ್ಧ ಎರಡು ಬಾಣಗಳ ಮಾತನ್ನು ಹೇಳುತ್ತಾನೆ. ದೇಹಕ್ಕೆ ತಗಲಿದ ನೋವು ಮೊದಲನೆಯ ಬಾಣ. ಅದಕ್ಕಾಗಿ ಗೋಳಾಡುವ ಮನಸ್ಸು ತಾನೇ ಚುಚ್ಚಿಕೊಳ್ಳುವುದು ಎರಡನೆಯದು. ನನ್ನ ಪಾಲಿಗಂತೂ ಮೊದಲನೆಯ ಬಾಣ ಬಟ್ಟೆಯ ಮೇಲಿನ ಕಲೆಯಷ್ಟೇ ಆಗಿತ್ತು. ಸಿಟ್ಟನ್ನು ಹಿಡಿದುಕೊಂಡಿರುವುದು ಕೈಯಲ್ಲಿ ಕೆಂಡ ಹಿಡಿದಂತೆ ಎಂದು ಬುದ್ಧನ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಸುತ್ತುವ ಮಾತು ನಿಜವಾಗಿ ಬುದ್ಧನದಲ್ಲ. ಐದನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿದ್ದು 'ವಿಸುದ್ಧಿಮಗ್ಗ'ವೆಂಬ ಬೌದ್ಧ ಸಾಧನೆಯ ಗ್ರಂಥವನ್ನು ಬರೆದ ಬುದ್ಧಘೋಷನ ಹೋಲಿಕೆ ಅದಕ್ಕೆ ತೀರ ಹತ್ತಿರವಾಗಿದೆ. ಇನ್ನೊಬ್ಬನಿಗೆ ಎಸೆಯಲು ಕೆಂಡವನ್ನೋ ಮಲವನ್ನೋ ಕೈಗೆತ್ತಿಕೊಂಡವನು ಮೊದಲು ತನ್ನ ಕೈಯನ್ನು ಸುಟ್ಟುಕೊಳ್ಳುತ್ತಾನೆ, ಇಲ್ಲವೇ ತಾನೇ ನಾರುತ್ತಾನೆ ಎಂದು ಅವನು ಬರೆದಿದ್ದಾನೆ. ಶುಭೋದಯದ ಚಿತ್ರಗಳಲ್ಲಿ ಕೆಂಡ ಉಳಿದು ಮಲ ಬಿಟ್ಟುಹೋದದ್ದು ಸಹಜವೇ. ಆದರೂ ನನ್ನ ಸ್ಥಿತಿಗೆ ಹೆಚ್ಚು ಒಪ್ಪುತ್ತಿದ್ದುದು ಎರಡನೆಯದೇ.

ನಾನು ಮೃದು ಸ್ವಭಾವದವನೆಂದು ನಾಲ್ಕು ಜನ ಹೇಳುತ್ತಾರೆ, ನಾನೂ ಹಾಗೆಯೇ ನಂಬಿದ್ದೆ. ಮಜ್ಝಿಮ ನಿಕಾಯದ ಕಕಚೂಪಮ ಸುತ್ತದಲ್ಲಿ ಬರುವ ವೇದೇಹಿಕಾಳ ಕಥೆ ಈ ನಂಬಿಕೆಯನ್ನು ಅಲುಗಾಡಿಸಿತು. ಸಾವತ್ಥಿ (ಶ್ರಾವಸ್ತಿ) ನಗರದ ಈ ಗೃಹಿಣಿ ಶಾಂತಳು, ವಿನಯವಂತಳು ಎಂದು ಊರಿಗೆಲ್ಲ ಹೆಸರಾಗಿದ್ದಳು. ಅವಳ ಮನೆಯ ದಾಸಿ ಕಾಳಿ ಕೆಲಸದಲ್ಲಿ ಗಟ್ಟಿಗಿತ್ತಿ. ಒಡತಿಗೆ ಸಿಟ್ಟೇ ಇಲ್ಲವೋ, ಅಥವಾ ತಾನು ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದರಿಂದ ಅದು ಹೊರಗೆ ಬರುತ್ತಿಲ್ಲವೋ ಎಂಬ ಅನುಮಾನ ಅವಳಿಗೆ ಹುಟ್ಟಿತು. ಪರೀಕ್ಷಿಸಲೆಂದು ಒಂದು ದಿನ ತಡವಾಗಿ ಎದ್ದಳು; ಒಡತಿ ಹುಬ್ಬು ಗಂಟಿಕ್ಕಿದಳು. ಮರುದಿನ ಇನ್ನೂ ತಡಮಾಡಿದಳು, ಬೈಗುಳ ಬಂತು. ಮೂರನೆಯ ಸಲ ವೇದೇಹಿಕಾ ಬಾಗಿಲಿನ ಅಗುಳಿಯನ್ನು ಎತ್ತಿ ಅವಳ ತಲೆಗೆ ಹೊಡೆದಳು. ಕಾಳಿ ರಕ್ತ ಸುರಿಯುವ ತಲೆಯೊಂದಿಗೆ ಅಕ್ಕಪಕ್ಕದ ಮನೆಗಳಿಗೆ ಹೋಗಿ, ಶಾಂತಳೆನಿಸಿಕೊಂಡವಳ ಕೆಲಸವನ್ನು ನೋಡಿರೆಂದು ತೋರಿಸಿದಳು. ಹಿತವಾದ ಮಾತು ಕಿವಿಗೆ ಬೀಳುವವರೆಗೆ ಮಾತ್ರ ಮೃದುವಾಗಿರುವ ಭಿಕ್ಷುವನ್ನು ಮೃದು ಎನ್ನಲಾಗದು ಎಂಬುದಕ್ಕೆ ಬುದ್ಧ ಈ ಕಥೆಯನ್ನು ಹೇಳುತ್ತಾನೆ. ಓದುತ್ತಿರುವಾಗ ನನ್ನ ಮನಸ್ಸು ಕಾಳಿಯ ಪಕ್ಕದಲ್ಲಿಯೇ ನಿಂತಿತ್ತು. ಇಷ್ಟು ಸೂಕ್ಷ್ಮವಾದ ಪ್ರಶ್ನೆಯನ್ನು ಕೇಳಿಕೊಂಡದ್ದಕ್ಕೆ ಅವಳು ತೆತ್ತ ಬೆಲೆ ದೊಡ್ಡದು. ಆದರೆ ಅಗುಳಿ ಯಾರ ಕೈಯಲ್ಲಿದೆ ಎಂದು ನೋಡಿಕೊಂಡಾಗ ಅದು ನನ್ನದೇ ಕೈಯಾಗಿತ್ತು.

ಇಷ್ಟಾದರೂ, ಮೇಲಿನ ಮನೆಯವರೊಂದಿಗೆ ಹೇಗೆ ವ್ಯವಹರಿಸಬೇಕೆಂಬುದು ತಿಳಿಯಲಿಲ್ಲ. "ಎಲ್ಲರ ಮೇಲೂ ಮೈತ್ರಿ ಇರಲಿ" ಎಂಬ ಮಾತು ಆ ಮೆಟ್ಟಿಲುಗಳನ್ನು ಹತ್ತುವಾಗ ನೆರವಿಗೆ ಬರುವುದಿಲ್ಲ. ಕೈಹಿಡಿದದ್ದು ಅಂಗುತ್ತರ ನಿಕಾಯದ ಪಂಚಕ ನಿಪಾತದಲ್ಲಿ (ಐದೈದು ಅಂಶಗಳ ಉಪದೇಶಗಳಿರುವ ಭಾಗ), ಮನಸ್ಸಿನಲ್ಲಿ ಕಟ್ಟಿಕೊಂಡ ಮುನಿಸನ್ನು ಕಳೆಯುವ ಬಗ್ಗೆ ಬುದ್ಧನ ಪ್ರಮುಖ ಶಿಷ್ಯ ಸಾರಿಪುತ್ತ ಭಿಕ್ಷುಗಳಿಗೆ ಹೇಳುವ ಮಾತು. ಅವನು ಎಲ್ಲರಿಗೂ ಒಂದೇ ಔಷಧ ಕೊಡುವುದಿಲ್ಲ. ನಡತೆ ಕೆಟ್ಟಿದ್ದರೂ ಮಾತು ಒಳ್ಳೆಯದಾಗಿರುವವನನ್ನು, ದಾರಿಯಲ್ಲಿ ಬಿದ್ದ ಚಿಂದಿಬಟ್ಟೆಯಲ್ಲಿ ಗಟ್ಟಿಯಾದ ಭಾಗವನ್ನು ಮಾತ್ರ ಹರಿದುಕೊಳ್ಳುವಂತೆ ಕಾಣಬೇಕು. ಮಾತು ಕೆಟ್ಟಿದ್ದು ನಡತೆ ಒಳ್ಳೆಯದಾಗಿರುವವನು ಪಾಚಿ ಮುಚ್ಚಿದ ಕೊಳ. ಬಾಯಾರಿದವನು ಪಾಚಿಯನ್ನು ಎರಡೂ ಕೈಗಳಿಂದ ಸರಿಸಿ ಬೊಗಸೆಯಲ್ಲಿ ನೀರು ಕುಡಿಯುತ್ತಾನೆ. ಎರಡೂ ಕೆಟ್ಟಿದ್ದು ಆಗೊಮ್ಮೆ ಈಗೊಮ್ಮೆ ಮಾತ್ರ ಮನಸ್ಸು ತಿಳಿಯಾಗುವವನು ಹಸುವಿನ ಗೊರಸಿನ ಗುರುತಿನಲ್ಲಿ ನಿಂತ ನೀರು. ಬೊಗಸೆ ಹಾಕಿದರೆ ಕದಡಿಹೋಗುತ್ತದೆ, ಮಂಡಿಯೂರಿ ಬಗ್ಗಿ ಹೀರಬೇಕು. ಯಾವುದೂ ಇಲ್ಲದವನು ಊರುಗಳ ನಡುವೆ ದಾರಿಯಲ್ಲಿ ಬಿದ್ದ ರೋಗಿ. ಅವನ ಬಗ್ಗೆ ಕನಿಕರವೊಂದೇ ಸಾಧ್ಯ.

ಇದನ್ನು ಓದಿದ ರಾತ್ರಿ ನನಗೆ ಮೂರು ವರ್ಷ ಹಿಂದಿನ ಘಟನೆಯೊಂದು ನೆನಪಾಯಿತು. ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದಾಗ ರಾತ್ರಿ ಎರಡು ಗಂಟೆಗೆ ಕಾರು ತೆಗೆದವರು ಇದೇ ಹಿರಿಯರು. ಬೆಳಗಾಗುವವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರು. ದಾರಿಯುದ್ದಕ್ಕೂ "ಬಚ್ಚಲಿಗೊಂದು ಹಿಡಿಕೆ ಹಾಕಿಸಕ್ಕಾಗಿಲ್ವೇನ್ರೀ ನಿಮಗೆ?" ಎಂದು ಬೈಯುತ್ತಲೇ ಇದ್ದುದರಿಂದಲೋ ಏನೋ, ಆ ಉಪಕಾರ ನನ್ನ ಲೆಕ್ಕದಲ್ಲಿ ಜಮೆಯೇ ಆಗಿರಲಿಲ್ಲ. ಪಾಚಿಯ ಹೋಲಿಕೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಪ್ರಾಮಾಣಿಕತೆ: ಕೈ ತೆಗೆದ ಮೇಲೆ ಪಾಚಿ ಮತ್ತೆ ಮುಚ್ಚಿಕೊಳ್ಳುತ್ತದೆ, ಕೊಳವನ್ನು ಶುದ್ಧಮಾಡುವ ಹೊಣೆಯನ್ನು ಸಾರಿಪುತ್ತ ಬಾಯಾರಿದವನ ಮೇಲೆ ಹೊರಿಸುವುದಿಲ್ಲ.

ಬುದ್ಧಘೋಷನ ಗ್ರಂಥದಲ್ಲಿ ಬೇರೆ ಯಾವ ಉಪಾಯವೂ ಫಲಿಸದಿದ್ದಾಗ ಕೊನೆಗೆ ಹೇಳಿರುವುದು, ನಮಗೆ ಯಾರ ಮೇಲೆ ಮುನಿಸಿದೆಯೋ ಅವರಿಗೆ ಏನನ್ನಾದರೂ ಕೊಡುವುದು. ನಾನು ಕುಂಡಗಳ ಕೆಳಗಿಡುವ ತಟ್ಟೆಗಳನ್ನು ಒಂದು ಡಜನ್ ತಂದು ಕೊಟ್ಟೆ. "ಪ್ಲಾಸ್ಟಿಕ್ಕಾ? ಒಂದು ವರ್ಷವೂ ಬಾಳಿಕೆ ಬರಲ್ಲ" ಎಂದರು, ಆದರೆ ಅಂದು ಸಂಜೆಯೇ ಇಟ್ಟರು. ನೀರು ಈಗಲೂ ವಾರಕ್ಕೊಮ್ಮೆ ಸೋರುತ್ತದೆ.

ಸಾರಿಪುತ್ತನ ಪಟ್ಟಿಯಲ್ಲಿ ಐದನೆಯವನೂ ಒಬ್ಬನಿದ್ದಾನೆ. ಅವನ ನಡತೆ, ಮಾತು, ಮನಸ್ಸು ಎಲ್ಲವೂ ಚೆನ್ನಾಗಿವೆ. ಅವನು ಮರಗಳ ನೆರಳಿನ ತಿಳಿಗೊಳ, ಇಳಿದು ಮಿಂದು ಕುಡಿದು ದಡದಲ್ಲಿ ವಿಶ್ರಮಿಸಬಹುದು. ಮುನಿಸಿಗೆ ಕಾರಣರಾದವರ ಪಟ್ಟಿಯಲ್ಲಿ ಇವನಿಗೇನು ಕೆಲಸವೆಂದು ಮೊದಲ ಓದಿನಲ್ಲಿ ಸೋಜಿಗವಾಗಿತ್ತು. ಆಮೇಲೆ ನನ್ನ ಅಕ್ಕನ ನೆನಪು ಬಂತು. ಅಮ್ಮನನ್ನು ಈಗ ನೋಡಿಕೊಳ್ಳುತ್ತಿರುವವಳು ಅವಳೇ. ನನಗೆ ಒಂದು ದಿನವೂ ಕಟುವಾಗಿ ಮಾತನಾಡಿದವಳಲ್ಲ. ಅವಳ ಫೋನು ಬಂದಾಗ ನಾನು ಎರಡು ಸಲ ರಿಂಗಾಗಲು ಬಿಡುತ್ತೇನೆ.