ಎಂಎಸ್ ಅಂತ ಬರೆಯುವ ಮುಂಚೆ ಎರಡು ಆಂಟಿಬಾಡಿ

ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು-ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಕಾಯಿಲೆ) ಇದೇ ಅಂತ ಹೇಳುವ ರಕ್ತಪರೀಕ್ಷೆ ಇಲ್ಲ. ರಕ್ತದಲ್ಲಿ ಅಕ್ವಾಪೊರಿನ್-4, ಮಾಗ್ (MOG) ಎಂಬ ಪ್ರೋಟೀನುಗಳ ವಿರುದ್ಧದ ಆಂಟಿಬಾಡಿ ನೋಡಿಸುವುದು ಎಂಎಸ್‌ನಂತೆಯೇ ಕಾಣುವ ಬೇರೆ ಕಾಯಿಲೆಗಳನ್ನು ಬೇರ್ಪಡಿಸಲು. ಇದು ಸಣ್ಣ ಮಾತಲ್ಲ: ಅಕ್ವಾಪೊರಿನ್ ಪಾಸಿಟಿವ್ ಇದ್ದವರಿಗೆ ಎಂಎಸ್‌ನ ಔಷಧವಾದ ಇಂಟರ್‌ಫೆರಾನ್ ಕೊಟ್ಟರೆ ಕಾಯಿಲೆ ಕೆರಳಬಹುದು. ಎರಡೂ ಕಣ್ಣು ಒಟ್ಟಿಗೆ ಮಂಜಾದರೆ, ಬೆನ್ನುಹುರಿಯಲ್ಲಿ ಮೂರು ಬೆನ್ನುಮೂಳೆಯಷ್ಟು ಅಥವಾ ಹೆಚ್ಚು ಉದ್ದದ ಗಾಯವಿದ್ದರೆ, ದಿನಗಟ್ಟಲೆ ಬಿಕ್ಕಳಿಕೆ ವಾಂತಿ ನಿಲ್ಲದಿದ್ದರೆ ಕೇಳಿ ಮಾಡಿಸಿ.

ತುಮಕೂರಿನಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕಳಿಸುವುದಾದರೆ ಕೆಡುವುದು ದಾರಿಯಲ್ಲೇ. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡಬೇಕು, ಯಂತ್ರದಲ್ಲಿ ತಿರುಗಿಸಿ ಸೀರಂ (ಮೇಲೆ ನಿಲ್ಲುವ ತಿಳಿ) ಬೇರೆ ಮಾಡಬೇಕು, 2ರಿಂದ 8 ಡಿಗ್ರಿಯಲ್ಲಿ ಕಳಿಸಬೇಕು. ಬೇರ್ಪಡಿಸದ ರಕ್ತವನ್ನು ಐಸ್‌ಗೆ ತಾಗಿಸಿಟ್ಟರೆ ಕಣಗಳು ಒಡೆದು ಸೀರಂ ಕೆಂಪಾಗುತ್ತದೆ, ಲ್ಯಾಬ್ ವಾಪಸ್ ಕಳಿಸುತ್ತದೆ.

ಚಿಕಿತ್ಸೆಗಾಗಿ ರಕ್ತದ ಪ್ಲಾಸ್ಮಾ ಬದಲಾಯಿಸುವ ಮೊದಲೇ ಪರೀಕ್ಷೆಗೆ ರಕ್ತ ತೆಗೆಸಿ. ಆಮೇಲೆ ತೆಗೆದರೆ ಸುಳ್ಳು ನೆಗೆಟಿವ್ ಬರಬಹುದು. ಹಾಗಂತ ವರದಿಗಾಗಿ ಸ್ಟಿರಾಯ್ಡ್ ತಡಮಾಡಬೇಡಿ. ಅಕ್ವಾಪೊರಿನ್‌ಗೆ ಬೆನ್ನುನೀರಿಗಿಂತ ಸೀರಂ ವಾಸಿ.

ಚೀಟಿಯಲ್ಲಿ ‘ಸೆಲ್ ಬೇಸ್ಡ್ ಅಸ್ಸೇ’ (ಜೀವಕೋಶಗಳನ್ನು ಬಳಸಿ ಮಾಡುವ ಪರೀಕ್ಷೆ) ಎಂದೇ ಬರೆಸಿ. ಇನ್ನೊಂದು ವಿಧಾನವಾದ ಎಲೈಸಾದ ಸಣ್ಣ ಪಾಸಿಟಿವ್ ನಂಬುವಂಥದ್ದಲ್ಲ. ಮಾಗ್ ಅಂತೂ ಇನ್ನೂ ಚಂಚಲ: ಕಡಿಮೆ ಟೈಟರ್ (ಆಂಟಿಬಾಡಿ ಪ್ರಮಾಣ) ಎಂಎಸ್ ಇದ್ದವರಲ್ಲೂ ಸಿಗುತ್ತದೆ. ಆದ್ದರಿಂದ ಕೈಕಾಲು ಜುಮ್ಮೆನ್ನುವ ಎಲ್ಲರಿಗೂ ಮಾಗ್ ಬರೆಯುವುದು ದಂಡ. ಲಕ್ಷಣ ಬಲವಾಗಿದ್ದೂ ಅಕ್ವಾಪೊರಿನ್ ನೆಗೆಟಿವ್ ಬಂದರೆ ಮೂರ‍್ನಾಲ್ಕು ತಿಂಗಳ ಮೇಲೆ, ಇಲ್ಲವೇ ಮತ್ತೆ ಅಟ್ಯಾಕ್ ಆದಾಗ ಇನ್ನೊಮ್ಮೆ ನೋಡಿಸಿ.