ಸೆಗಾ ಮತ್ತೆ ಕನ್ಸೋಲ್ ಮಾಡಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಸೆಗಾ ಸೆಗಾ ಅಂತ ಇಷ್ಟು ಹಂಬಲಿಸ್ತೀರಲ್ಲ, ಅವರು ಮತ್ತೆ ಒಂದು ಕನ್ಸೋಲ್ ಮಾಡಲಿ ಅಂತ ಅನಿಸಲ್ವಾ?" ಗೇಮ್ ಆಡುವ ಗೆಳೆಯರು ಸಿಕ್ಕಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಅನಿಸಲ್ಲ. ಯಾಕೆ ಅಂತ ಒಮ್ಮೆ ಬರೆದಿಟ್ಟರೆ, ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿ ಸುಮ್ನಿರಬಹುದು.

ಹೊಸಬರಿಗೆ ಎರಡು ಮಾತು. ಕನ್ಸೋಲ್ ಅಂದರೆ ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಮಷೀನು. ಸೆಗಾ ಅಂದರೆ ಸೋನಿಕ್ ಅನ್ನೋ ನೀಲಿ ಮುಳ್ಳುಹಂದಿಯನ್ನು ಹುಟ್ಟಿಸಿದ ಜಪಾನಿನ ಕಂಪನಿ. 2001ರ ಜನವರಿ 31ರಂದು ಅದು, ಮಾರ್ಚ್ ಕೊನೆಗೆ ನಮ್ಮ ಕನ್ಸೋಲ್ ಡ್ರೀಮ್‌ಕ್ಯಾಸ್ಟ್ ತಯಾರಿಕೆ ನಿಲ್ಲಿಸುತ್ತೇವೆ, ಇನ್ನು ಬೇರೆಯವರ ಕನ್ಸೋಲ್‌ಗಳಿಗೆ ಗೇಮ್ ಮಾಡಿಕೊಂಡಿರುತ್ತೇವೆ ಎಂದು ಹೇಳಿತು. ಅದೇ ವರ್ಷದ ಡಿಸೆಂಬರ್‌ಗೆ ಸೋನಿಕ್ ನಿಂಟೆಂಡೋದ ಗೇಮ್‌ಕ್ಯೂಬ್‌ನಲ್ಲಿ ಓಡುತ್ತಿದ್ದ. ತೊಂಬತ್ತರ ದಶಕದಲ್ಲಿ ಈ ಎರಡು ಕಂಪನಿಗಳು ಹೇಗೆ ಕಚ್ಚಾಡಿದ್ದವು ಅಂತ ಗೊತ್ತಿದ್ದವರಿಗೆ ಅದು ನುಂಗಲಾರದ ತುತ್ತು.

ಡ್ರೀಮ್‌ಕ್ಯಾಸ್ಟನ್ನು ಕೊಂದದ್ದು ಸೋನಿಯ ಪ್ಲೇಸ್ಟೇಷನ್ 2 ಅಂತ ಎಲ್ಲರೂ ಹೇಳುತ್ತಾರೆ. ಡಿವಿಡಿ ಬೇರೆ ಹಾಕಬಹುದಿತ್ತು ಅದರಲ್ಲಿ, ನಿಜ. ಆದರೆ ನನ್ನ ಪ್ರಕಾರ ಕೆಲಸ ಅದಕ್ಕೂ ಮುಂಚೆಯೇ ಕೆಟ್ಟಿತ್ತು. 1994ರ ನವೆಂಬರ್‌ನಲ್ಲಿ ಅಮೆರಿಕದ ಮಕ್ಕಳಿಗೆ, ನಿಮ್ಮ ಹಳೇ ಸೆಗಾ ಕನ್ಸೋಲ್ ಜೆನೆಸಿಸ್ ಮೇಲೆ ಇದನ್ನು ಕೂರಿಸಿ, ಹೊಸ ಮಷೀನೇ ಆಗಿಬಿಡುತ್ತದೆ ಅಂತ 32ಎಕ್ಸ್ ಅನ್ನೋ ಅಣಬೆಯಂಥ ವಸ್ತುವನ್ನು ಮಾರಿದರು. ಅದೇ ತಿಂಗಳು ಜಪಾನಿನಲ್ಲಿ ಸ್ಯಾಟರ್ನ್ ಅನ್ನೋ ಪೂರ್ತಿ ಬೇರೆ ಕನ್ಸೋಲ್ ಬಂತು, ಆರು ತಿಂಗಳಲ್ಲಿ ಅದು ಅಮೆರಿಕಕ್ಕೂ ಬಂದು 32ಎಕ್ಸ್ ಮೂಲೆ ಸೇರಿತು. ಸ್ಯಾಟರ್ನ್ ಬಂದ ರೀತಿಯಾದರೂ ನೆಟ್ಟಗಿತ್ತಾ? ಸೆಪ್ಟೆಂಬರ್‌ನಲ್ಲಿ ಬರುತ್ತದೆ ಅಂದದ್ದನ್ನು 1995ರ ಮೇ 11ರಂದು, ಇವತ್ತಿನಿಂದಲೇ ಅಂಗಡಿಯಲ್ಲಿದೆ, ಬೆಲೆ 399 ಡಾಲರ್ ಅಂತ ಘೋಷಿಸಿಬಿಟ್ಟರು. ಮಾಲು ಸಿಕ್ಕಿದ್ದು ಆಯ್ದ ಕೆಲವೇ ಅಂಗಡಿಗಳಿಗೆ. ಸಿಟ್ಟಾದ ಆಟಿಕೆ ಅಂಗಡಿಗಳ ಸರಪಳಿ ಕೆಬಿ ಟಾಯ್ಸ್ ಅದನ್ನು ಇಟ್ಟುಕೊಳ್ಳಲ್ಲ ಅಂದಿತು. ಅದೇ ದಿನ ಸೋನಿಯವರು ವೇದಿಕೆ ಹತ್ತಿ ತಮ್ಮ ಪ್ಲೇಸ್ಟೇಷನ್ ಬೆಲೆ ಹೇಳಿದರು: 299. ಅಷ್ಟೇ ಸಾಕಾಯಿತು.

ಕೊಂಡವರು ಒಂದಲ್ಲ ಎರಡು ಸಲ ಕೈ ಸುಟ್ಟುಕೊಂಡ ಮೇಲೆ ಬಂದದ್ದು ಡ್ರೀಮ್‌ಕ್ಯಾಸ್ಟ್. ಅದಕ್ಕೇ ಅದರ ಕಥೆ ಹೊಟ್ಟೆ ಉರಿಸುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದ್ದರು, ಆದರೆ ನಂಬುವವರು ಉಳಿದಿರಲಿಲ್ಲ.

ಅದರ ಮೆಮೊರಿ ಕಾರ್ಡನ್ನೇ ನೋಡಿ. ವಿಎಂಯು ಅಂತ ಹೆಸರು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ಅದಕ್ಕೊಂದು ಕಪ್ಪುಬಿಳುಪು ಪರದೆ, ನಾಲ್ಕು ದಿಕ್ಕಿನ ಗುಂಡಿ. ಕಂಟ್ರೋಲರ್‌ಗೆ ಸಿಕ್ಕಿಸಿದರೆ ಅದರ ಕಿಟಕಿಯಲ್ಲಿ ಪರದೆ ಕಾಣುತ್ತದೆ, ಬಿಚ್ಚಿದರೆ ಅದೇ ಒಂದು ಆಟಿಕೆ. ಸೋನಿಕ್ ಅಡ್ವೆಂಚರ್‌ನಲ್ಲಿ ಸಾಕಿದ ಚಾವೋ ಮರಿಯನ್ನು ಅದಕ್ಕೆ ಹಾಕಿಕೊಂಡು ಜೇಬಲ್ಲಿಟ್ಟು ತಿರುಗಬಹುದಿತ್ತು. ಒಳಗೆ ಎರಡು ಗುಂಡಿ ಬ್ಯಾಟರಿ. ಅವು ಬೇಗ ಸಾಯುತ್ತವೆ, ಆಮೇಲೆ ಕನ್ಸೋಲ್ ಆನ್ ಮಾಡಿದಾಗಲೆಲ್ಲ ಕಿವಿಗೆ ಚುಚ್ಚುವಂತೆ "ಬೀಈಈಪ್". ಇವತ್ತು ಹಳೇ ಡ್ರೀಮ್‌ಕ್ಯಾಸ್ಟ್ ಇಟ್ಟುಕೊಂಡವರೆಲ್ಲ ಆ ಕಿರುಚಾಟಕ್ಕೆ ಒಗ್ಗಿಹೋಗಿದ್ದಾರೆ. ಕೆಟ್ಟ ವಿನ್ಯಾಸ, ಆದರೂ ಮುದ್ದು ಬರುತ್ತದೆ.

ಆಟಗಳೂ ಹಾಗೇ, ಸ್ವಲ್ಪ ತಲೆ ಕೆಟ್ಟವರ ಕೆಲಸ. ಮನುಷ್ಯನ ಮುಖದ ಮೀನಿನ ಜೊತೆ ಮೈಕ್‌ನಲ್ಲಿ ಮಾತಾಡೋದು ಒಂದು. ಮರಾಕಸ್ ಅನ್ನೋ ಗಿಲಕಿ ಹಿಡಿದು ಕುಣಿಯೋದು ಇನ್ನೊಂದು. ಇನ್ನು ಶೆನ್ಮೂ! ಅಪ್ಪನನ್ನು ಕೊಂದವನನ್ನು ಹುಡುಕುವ ಹುಡುಗ ಮನೆಯ ಡ್ರಾಯರ್ ಒಂದೊಂದಾಗಿ ಎಳೆದು ನೋಡಬಹುದು, ಬೀದಿಯಲ್ಲಿ ಕಾಸು ಹಾಕಿ ಗೊಂಬೆ ತೆಗೆಯಬಹುದು, ಆಮೇಲೆ ಬಂದರಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸೋ ಕೆಲಸಕ್ಕೂ ಸೇರಬೇಕು. ಸೇಡು ಬಿಟ್ಟು ಪೆಟ್ಟಿಗೆ ಸಾಗಿಸುತ್ತಾ ಕೂರುವ ಇಂಥ ಆಟಕ್ಕೆ ದುಡ್ಡು ಸುರಿಯುವ ಧೈರ್ಯ ಇವತ್ತು ಯಾರಿಗಿದೆ?

ಆ ದುಡ್ಡು ಬರಲಿಲ್ಲ. ಒಟ್ಟು ಮಾರಾಟವಾದದ್ದು ಸುಮಾರು 91 ಲಕ್ಷ ಡ್ರೀಮ್‌ಕ್ಯಾಸ್ಟ್. ಅಧ್ಯಕ್ಷ ಇಸಾವೊ ಒಕಾವಾ ಕಂಪನಿಗೆ ಕೊಟ್ಟಿದ್ದ ಸಾಲ ಮನ್ನಾ ಮಾಡಿ, ತಮ್ಮ ಶೇರುಗಳನ್ನೂ ಅದಕ್ಕೇ ಕೊಟ್ಟು, 2001ರ ಮಾರ್ಚ್‌ನಲ್ಲಿ ತೀರಿಕೊಂಡರು. ಸೆಗಾ ಉಳಿಯಿತು.

"ನಮ್ಮೂರಲ್ಲಿ ಸೆಗಾ ಎಲ್ಲಿತ್ತು ಮಾರಾಯ" ಅಂತಲೂ ಕೇಳುತ್ತಾರೆ. ಇತ್ತು, ಹೆಸರಿಗೆ. 1995ರಲ್ಲಿ ಶಾ ವಾಲೇಸ್ ಕಂಪನಿ ಭಾರತದಲ್ಲಿ ಮೆಗಾ ಡ್ರೈವ್ (ಅಮೆರಿಕದವರು ಜೆನೆಸಿಸ್ ಅನ್ನೋದು ಇದನ್ನೇ) ಮಾರಿತು, ಬೆಲೆ 18,000 ರೂಪಾಯಿ. ಆ ಕಾಲಕ್ಕೆ ಅದನ್ನು ಯಾರು ತಗೊಳ್ತಾರೆ? ನಮ್ಮ ಪಾಲಿಗೆ ವಿಡಿಯೋ ಗೇಮ್ ಅಂದರೆ ನಿಂಟೆಂಡೋದ ನಕಲು ಮಷೀನು, ಹಳದಿ ಕ್ಯಾಸೆಟ್ಟು, ಮಾರಿಯೋ, ಕಾಂಟ್ರಾ. ಹಾಗಾಗಿ ನನ್ನ ವಾರಿಗೆಯ ಕನ್ನಡಿಗರಲ್ಲಿ ಜಾಸ್ತಿ ಜನಕ್ಕೆ ಸೆಗಾ ಸಿಕ್ಕಿದ್ದು ಕಂಪ್ಯೂಟರಿನ ಎಮ್ಯುಲೇಟರ್‌ನಲ್ಲಿ (ಹಳೇ ಕನ್ಸೋಲಿನಂತೆ ನಟಿಸುವ ತಂತ್ರಾಂಶ), ಕಂಪನಿ ಕನ್ಸೋಲ್ ಬಿಟ್ಟ ಮೇಲೆ. ಬಾಲ್ಯದಲ್ಲಿ ಇಲ್ಲದ್ದಕ್ಕೂ ಹಂಬಲ ಹುಟ್ಟುತ್ತದೆ, ಏನು ಮಾಡೋದು.

ಹೊಸ ಕನ್ಸೋಲ್ ಯಾಕೆ ಬೇಡ ಅಂದರೆ, ಇವತ್ತಿನ ಸೆಗಾ ಅದನ್ನು ಮಾಡಿದರೆ ಇನ್ನೊಂದು ಕಪ್ಪು ಡಬ್ಬಿ, ಇನ್ನೊಂದು ತಿಂಗಳ ಚಂದಾ. ನನಗೆ ಬೇಕಾದದ್ದು ಹಳೇ ಆಟಗಳು, ಇದ್ದ ಹಾಗೆ. ಕ್ರೇಜಿ ಟ್ಯಾಕ್ಸಿ ಅನ್ನೋ ಸೆಗಾ ಆಟವನ್ನು 2010ರಲ್ಲಿ ಮತ್ತೆ ಬಿಟ್ಟಾಗ ಆಫ್‌ಸ್ಪ್ರಿಂಗ್, ಬ್ಯಾಡ್ ರಿಲಿಜನ್ ಬ್ಯಾಂಡ್‌ಗಳ ಹಾಡುಗಳೇ ಮಾಯ, ಪಿಜ್ಜಾ ಹಟ್ಟಿಗೆ ಬಿಡಪ್ಪಾ ಅನ್ನೋ ಪ್ರಯಾಣಿಕರೂ ಇಲ್ಲ. ಆ ಹಾಡಿಲ್ಲದೆ ಆ ಟ್ಯಾಕ್ಸಿ ಓಡಿಸೋಕೆ ಆಗುತ್ತಾ? ಕನ್ಸೋಲ್ ಹಾಗಿರಲಿ, ಹಾಡು ವಾಪಸ್ ಕೊಡ್ರಪ್ಪಾ.