ತಿಳಿ ನೀರು ಅಂದ ಮಾತ್ರಕ್ಕೆ ಶುದ್ಧ ನೀರಲ್ಲ

ಬೆಟ್ಟದ ಮೇಲಿನ ಸರೋವರದಲ್ಲಿ ತಳದ ಕಲ್ಲು ಕಾಣೋವಷ್ಟು ತಿಳಿ ನೀರು ನೋಡಿದ್ರೆ ಬೊಗಸೇಲಿ ತಗೊಂಡು ಕುಡಿಯೋಣ ಅನ್ಸುತ್ತೆ. ಆದ್ರೆ ಇಲ್ಲಿ ಕಣ್ಣನ್ನ ನಂಬೋಕಾಗಲ್ಲ, ನೀರನ್ನ ಅಳೆದೇ ನೋಡಬೇಕು. ಆಮ್ಲ ಮಳೆ ಬಿದ್ದು ಮೀನುಗಳು ಸತ್ತುಹೋದ ಎಷ್ಟೋ ಸರೋವರಗಳು ಮೊದಲಿಗಿಂತ ಇನ್ನೂ ತಿಳಿಯಾದ್ವು, ಯಾಕಂದ್ರೆ ಆಮ್ಲಕ್ಕೆ ಮಣ್ಣಿಂದ ಕರಗಿ ಬಂದ ಅಲ್ಯೂಮಿನಿಯಂ ನೀರಿಗೆ ಕಂದು ಬಣ್ಣ ಕೊಡೋ ಸಾವಯವ ವಸ್ತುವನ್ನ ತನ್ನ ಜೊತೆ ತಳಕ್ಕೆ ಇಳಿಸಿಬಿಡುತ್ತೆ.

ಗ್ರಾನೈಟ್ ಬಂಡೆ, ಮೇಲೆ ತೆಳ್ಳಗೆ ಒಂದಿಷ್ಟು ಮಣ್ಣು, ಇಷ್ಟೇ ಇರೋ ಕಡೆ ನೀರಿಗೆ ಆಮ್ಲವನ್ನ ತಡ್ಕೊಳ್ಳೋ ಶಕ್ತಿ ತುಂಬಾ ಕಮ್ಮಿ. ಅದಕ್ಕೇ ನೀರು ಎಷ್ಟು ಆಮ್ಲೀಯ ಅಂತ ಹೇಳೋ ಪಿಎಚ್ (ಕಮ್ಮಿಯಾದಷ್ಟೂ ಆಮ್ಲ ಜಾಸ್ತಿ) ಒಂದೇ ಅಳೆದ್ರೆ ಸಾಲಲ್ಲ, ಆಲ್ಕಲಿನಿಟಿ, ಅಂದ್ರೆ ಆ ತಡ್ಕೊಳ್ಳೋ ಶಕ್ತಿ, ಅದನ್ನೂ ಅಳೀಬೇಕು, ಆಲ್ಕಲಿನಿಟಿ ಇಳೀತಾ ಬಂದು ಮುಗಿಯೋ ಹಂತಕ್ಕೆ ಬಂದಾಗ್ಲೇ ಪಿಎಚ್ ದಢಕ್ಕನೆ ಬೀಳೋದು. ಇನ್ನು ಲ್ಯಾಬ್ ರಿಪೋರ್ಟಲ್ಲಿ 'ಕುಡಿಯುವ ನೀರಿನ ಮಿತಿಯೊಳಗಿದೆ' ಅಂತ ಬರೆದಿರ್ತಾರಲ್ಲ, ಅದನ್ನ ನೋಡಿ ಸಮಾಧಾನ ಪಟ್ಕೊಳ್ಳೋದು ನನಗಂತೂ ಸರಿ ಅನ್ಸಲ್ಲ, ಆ ಮಿತಿ ಮನುಷ್ಯರಿಗೆ ಮಾಡಿದ್ದು, ಸರೋವರಕ್ಕಲ್ಲ. ಅಲ್ಲಿ ನೈಟ್ರೇಟ್ ಎರಡು ಮೂರು ಪಟ್ಟು ಏರಿದ್ರೂ ಮಿತಿ ದಾಟಲ್ಲ, ಆದ್ರೆ ಅಷ್ಟಕ್ಕೇ ಪಾಚಿಯ ಜಾತಿಗಳೇ ಬದಲಾಗಿಬಿಡಬಹುದು. ಅದಕ್ಕೇ ಒಂದು ಸರೋವರದ ಇವತ್ತಿನ ಲೆಕ್ಕವನ್ನ ಅದರದೇ ಹಳೇ ಲೆಕ್ಕದ ಜೊತೆ ಹೋಲಿಸಬೇಕು.

ಸ್ಯಾಂಪಲ್ ತೆಗೆಯೋ ಕಾಲ ಇನ್ನೊಂದು ದೊಡ್ಡ ವಿಷ್ಯ. ಹತ್ತೋಕೆ ಸುಲಭ ಅಂತ ಎಲ್ರೂ ಬೇಸಿಗೇಲೇ ಹೋಗ್ತಾರೆ. ಹಿಮ ಬೀಳೋ ಕಡೆ ಚಳಿಗಾಲ ಪೂರ್ತಿ ಹಿಮದಲ್ಲಿ ಕೂತಿದ್ದ ಆಮ್ಲ, ನೈಟ್ರೇಟ್ ಎಲ್ಲಾ ಕರಗೋಕೆ ಶುರುವಾದ ಮೊದಲ ನೀರಲ್ಲೇ ಹೆಚ್ಚಾಗಿ ಬಂದುಬಿಡುತ್ತೆ, ಆಮೇಲೆ ಹೋದೋರಿಗೆ ಅದು ಸಿಗೋದೇ ಇಲ್ಲ. ಜಾಗಾನೂ ಹಾಗೇ, ದಡದಲ್ಲಿ ಒಂದು ಬಾಟ್ಲಿ ತುಂಬಿಸ್ಕೊಂಡು ಬಂದ್ರೆ ಏನೂ ಗೊತ್ತಾಗಲ್ಲ. ಒಳಗೆ ಬರೋ ಪ್ರತಿ ತೊರೆ, ಹೊರಗೆ ಹೋಗೋ ತೂಬು, ಅತಿ ಆಳದ ಜಾಗದಲ್ಲಿ ಮೇಲಿಂದ ಕೆಳಗಿನ ತನಕ ಉಷ್ಣತೆ ಮತ್ತು ಆಕ್ಸಿಜನ್, ಇಷ್ಟಾದ್ರೂ ಬೇಕು.

ಮಾಲಿನ್ಯದ ಮೂಲ ಹುಡುಕೋದು ಅಂದ ತಕ್ಷಣ ಕಣ್ಣಿಗೆ ಬೀಳೋ ಟೂರಿಸ್ಟುಗಳನ್ನೋ ದನ ಮೇಯಿಸೋರನ್ನೋ ಬೈಯೋದು ಸುಲಭ. ಅದಕ್ಕೆ ಮೊದ್ಲು ಪುರಾವೆ ನೋಡಿ. ನೀರಲ್ಲಿ ಕಾಫಿ ಟೀಯಲ್ಲಿರೋ ಕೆಫೀನ್, ಕೃತಕ ಸಿಹಿಯಾದ ಸುಕ್ರಲೋಸ್ ಸಿಕ್ಕಿದ್ರೆ ಮನುಷ್ಯರ ಕೊಳಚೆ ಸೇರ್ತಿದೆ ಅಂತ ಅರ್ಥ, ಬ್ಯಾಕ್ಟೀರಿಯಾದ ಡಿಎನ್ಎ ನೋಡಿದ್ರೆ ಅದು ಮನುಷ್ಯರದಾ ದನದ್ದಾ ಅಂತಲೂ ಬೇರೆ ಮಾಡಬಹುದು. ಅಮೆರಿಕದ ಟಾಹೋ ಸರೋವರದಲ್ಲಿ 1968ರಲ್ಲಿ ಬಿಳಿ ತಟ್ಟೆ ಇಳಿಬಿಟ್ರೆ ಸುಮಾರು 30 ಮೀಟರ್ ಆಳದ ತನಕ ಕಾಣ್ತಿತ್ತು, ಆಮೇಲೆ ಅದು 20ರ ಆಸುಪಾಸಿಗೆ ಬಂತು. ಕೊಳಚೆ ನೀರನ್ನ ಕಣಿವೆಯಿಂದಲೇ ಹೊರಗೆ ಸಾಗಿಸಿದ್ರೂ ಇಳಿಕೆ ನಿಲ್ಲಲಿಲ್ಲ. ಪಾಚಿಯದೇ ಕೆಲಸ ಅಂದ್ಕೊಂಡಿದ್ರು, ಅಳೆದು ನೋಡಿದಾಗ ರಸ್ತೆ ಮತ್ತು ಕಟ್ಟಡಗಳ ಕಡೆಯಿಂದ ಮಳೆನೀರಲ್ಲಿ ಬರೋ ತೀರಾ ನುಣ್ಣನೆ ಧೂಳಿನ ಕಣಗಳೇ ಮುಖ್ಯ ಕಾರಣ ಅಂತ ಗೊತ್ತಾಯ್ತು.

ಯುರೋಪಿನ ಆಲ್ಪ್ಸ್ ಬೆಟ್ಟಗಳ ರಾಸಸ್ ಸರೋವರದ ಕಥೆ ನನ್ನನ್ನ ತುಂಬಾ ಕಾಡಿದೆ. ಎರಡು ದಶಕದಲ್ಲಿ ಅದರ ಕಂಡಕ್ಟಿವಿಟಿ, ಅಂದ್ರೆ ಕರಗಿದ ಲವಣ ಎಷ್ಟಿದೆ ಅಂತ ತೋರಿಸೋ ವಿದ್ಯುತ್ ಹರಿಸೋ ಗುಣ, 18 ಪಟ್ಟು ಏರಿತು, ನಿಕಲ್ ಕುಡಿಯೋ ನೀರಿನ ಮಿತಿಯನ್ನೂ ಮೀರಿ ಹೋಯ್ತು. ಅಲ್ಲಿ ಫ್ಯಾಕ್ಟರಿ ಇಲ್ಲ, ಊರಿಲ್ಲ. ಕಲ್ಲುರಾಶಿಯೊಳಗೆ ಹೆಪ್ಪುಗಟ್ಟಿದ್ದ ಮಂಜುಗಡ್ಡೆ ವಾತಾವರಣ ಬಿಸಿಯಾದ ಹಾಗೆ ಕರಗ್ತಾ ಬಂದು ಆ ಲವಣ, ನಿಕಲ್ ಎಲ್ಲಾ ನೀರಿಗೆ ಇಳೀತು. ಡಿಡಿಟಿಯಂಥ ಕೀಟನಾಶಕಗಳೂ ಬಯಲಿನ ಬಿಸಿಗೆ ಆವಿಯಾಗಿ ಗಾಳೀಲಿ ಬಂದು ಮೇಲಿನ ಚಳಿಗೆ ಇಳಿದು ಕೂರ್ತವೆ, ಇದಕ್ಕೆ ತೊರೆ ಹಿಡಿದು ಹೋದ್ರೆ ಮೂಲ ಸಿಗೋದೇ ಇಲ್ಲ.

ಹಳೇ ಲೆಕ್ಕ ಎಲ್ಲಿಂದ ತರೋದು ಅಂತ ಕೇಳಬಹುದು. ತಳದ ಹೂಳಲ್ಲಿದೆ! ಕಾಲ ಕಳೆದ ಹಾಗೆ ತಾನಾಗೇ ಕಮ್ಮಿಯಾಗ್ತಾ ಹೋಗೋ ವಿಕಿರಣಶೀಲ ಸೀಸ, ಅಂದ್ರೆ ಸೀಸ-210 ಐಸೋಟೋಪ್, ಅದನ್ನ ಅಳೆದ್ರೆ ಸುಮಾರು ನೂರು ನೂರೈವತ್ತು ವರ್ಷದ ಪದರಗಳಿಗೆ ಇಸವಿ ಹೇಳಬಹುದು, ಡಯಾಟಮ್ ಅನ್ನೋ ಸಣ್ಣ ಪಾಚಿಯ ಚಿಪ್ಪುಗಳು ಆಗಿನ ಪಿಎಚ್ ಹೇಳ್ತವೆ, ಕಲ್ಲಿದ್ದಲು ಎಣ್ಣೆ ಸುಟ್ಟಾಗ ಬರೋ ದುಂಡನೆ ಕರಿ ಕಣಗಳು ಯಾವ ಪದರದಿಂದ ಶುರುವಾಗಿವೆ ಅಂತಲೂ ಕಾಣುತ್ತೆ. ಅದಕ್ಕೇ ಬಾಟ್ಲಿಗಳ ಜೊತೆ ಹೂಳು ತೆಗೆಯೋ ಕೊಳವೆಯನ್ನೂ ಒಯ್ಯಿರಿ, ಅತಿ ಆಳದ ಜಾಗದಲ್ಲಿ ಇಳಿಸಿ, ಮೇಲಿನ ಪದರ ಕದಡದ ಹಾಗೆ ನಿಧಾನಕ್ಕೆ ಎತ್ತಿ.